ಪಂಚೆ ನೇಯ್ದ ಊರಿನ ಕಾಲ್ಚೆಂಡು

ನನ್ನಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಕೇಳಿದವರಿಗೆ ಜೇಮ್ಸ್ ಹಾರ್‌ಗ್ರೀವ್ಸ್ ಎಂಬ ಹೆಸರು ಪೂರ್ತಿಯಾಗಿ ಮರೆತಿರಲಾರದು. ‘ಸ್ಪಿನ್ನಿಂಗ್ ಜೆನ್ನಿ ಎಂಬ ನೂಲುವ ಯಂತ್ರವನ್ನು ಕಂಡುಹಿಡಿದವರು ಯಾರು?’ ಎಂಬುದು ಒಂದು ಅಂಕದ ಖಾಯಂ ಪ್ರಶ್ನೆಯಾಗಿತ್ತು. ಉತ್ತರ ಬರೆದು ಅಂಕ ಗಿಟ್ಟಿಸಿದವರಲ್ಲಿ ಒಬ್ಬರೂ ಆತನ ಊರು ಯಾವುದೆಂದು ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೆ ಇಂಗ್ಲೆಂಡಿನ ವಾಯವ್ಯ ಮೂಲೆಯ ಲ್ಯಾಂಕಶೈರ್ ಸೀಮೆಯಲ್ಲಿ, ಬ್ಲ್ಯಾಕ್‌ಬರ್ನ್ ಪಟ್ಟಣದ ಮಗ್ಗುಲಿಗಿರುವ ಸ್ಟ್ಯಾನ್‌ಹಿಲ್ ಎಂಬ ಹಳ್ಳಿಯನ್ನು ನಕಾಶೆಯಲ್ಲಿ ತೋರಿಸುತ್ತಿದ್ದೆ. 1764ರ ಸುಮಾರಿಗೆ ಆತ ಆ ಯಂತ್ರವನ್ನು ಕಟ್ಟಿದ. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಸಿಟ್ಟಿಗೆದ್ದ ಕೈನೂಲಿನ ಜನ ಅವನ ಯಂತ್ರಗಳನ್ನು ಒಡೆದುಹಾಕಿದರು. 1768ರಲ್ಲಿ ಆತ ಊರು ಬಿಟ್ಟು ನಾಟಿಂಗ್‌ಹ್ಯಾಮ್ ಸೇರಿದ. ಯಂತ್ರ ಮಾತ್ರ ಊರು ಬಿಡಲಿಲ್ಲ.

ಇಂದು ನಾನು ಬರೆಯಹೊರಟಿರುವುದು ಆ ಊರಿನ ಕಾಲ್ಚೆಂಡಿನ ಕ್ಲಬ್ಬಾದ ಬ್ಲ್ಯಾಕ್‌ಬರ್ನ್ ರೋವರ್ಸ್ ಕುರಿತು. ಇತಿಹಾಸದ ಮೇಷ್ಟ್ರಿಗೆ ಫುಟ್‌ಬಾಲಿನ ಉಸಾಬರಿ ಏಕೆಂದು ಕೆಲವರು ನಗಬಹುದು. ನಮ್ಮ ಮನೆಗಳ ಹುಡುಗರು ನಡುರಾತ್ರಿಯ ತನಕ ಎದ್ದಿದ್ದು ಮ್ಯಾಂಚೆಸ್ಟರ್, ಲಿವರ್‌ಪೂಲ್‌ಗಳ ಆಟ ನೋಡುತ್ತಾರೆ. ಆ ಕ್ಲಬ್ಬುಗಳ ಅಂಗಿ ತೊಟ್ಟು ಮದುವೆಮನೆಗೂ ಬರುತ್ತಾರೆ. ಆ ಊರುಗಳ ನಡುವೆಯೇ ಇರುವ ಈ ಸಣ್ಣ ಊರಿನ ಕಥೆಯನ್ನು ಅವರು ಕೇಳಿರುವಂತಿಲ್ಲ. ಈ ಕಥೆಯ ಎಳೆ ನಮ್ಮ ದೇಶದೊಂದಿಗೆ ಒಂದಲ್ಲ, ಮೂರು ಬಾರಿ ಗಂಟು ಹಾಕಿಕೊಂಡಿದೆ.

ಮೊದಲ ಗಂಟು ಬಟ್ಟೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ದಂಡೆಯ ಬ್ಲ್ಯಾಕ್‌ಬರ್ನ್ ನೇಯ್ಗೆ ಗಿರಣಿಗಳ ಊರಾಗಿ ಬೆಳೆಯಿತು. ಅಮೆರಿಕದ ಹತ್ತಿ ಲಿವರ್‌ಪೂಲ್ ಬಂದರಿಗೆ ಬಂದು, ಲ್ಯಾಂಕಶೈರಿನಲ್ಲಿ ನೂಲಾಗಿ, ಇಲ್ಲಿ ಬಟ್ಟೆಯಾಗುತ್ತಿತ್ತು. ಒಂದೊಂದು ಊರೂ ಒಂದೊಂದು ಬಗೆಯ ಬಟ್ಟೆಯಲ್ಲಿ ಪಳಗಿದ್ದಿತು. ಬ್ಲ್ಯಾಕ್‌ಬರ್ನಿನ ಪಾಲಿಗೆ ಬಂದದ್ದು ಬಹುಮಟ್ಟಿಗೆ ಭಾರತಕ್ಕೆ ಹೋಗುವ ಸಾದಾ ಬಟ್ಟೆ, ಅದರಲ್ಲೂ ಪಂಚೆ. ಗ್ಲಾಸ್ಕೋ ಪಂಚೆ ಎಂಬ ಮಾತನ್ನು ನಿಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದೀರಷ್ಟೆ. ಹೆಸರು ಸ್ಕಾಟ್ಲೆಂಡಿನ ಊರಿನದಾದರೂ ನಮ್ಮ ಸಂತೆಗಳಿಗೆ ಬಂದ ವಿಲಾಯಿತಿ ಬಟ್ಟೆಯ ದೊಡ್ಡ ಪಾಲು ಲ್ಯಾಂಕಶೈರಿನದು. 1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳುಹಿಸಿದ ಹತ್ತಿಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಭಾರತವೊಂದಕ್ಕೇ ಬಂದಿತು. ನಮ್ಮ ಮಗ್ಗಗಳು ಏಕೆ ನಿಂತವೆಂದು ಬೇರೆ ಹೇಳಬೇಕಾಗಿಲ್ಲ.

ಗಿರಣಿಗೂ ಕಾಲ್ಚೆಂಡಿಗೂ ಏನು ನಂಟು? 1850ರ ಕಾರ್ಖಾನೆ ಕಾನೂನಿನ ಪ್ರಕಾರ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ 2 ಗಂಟೆಯ ನಂತರ ದುಡಿಸುವಂತಿರಲಿಲ್ಲ. ಅವರಿಲ್ಲದೆ ಗಿರಣಿ ನಡೆಯದು. ಆದ್ದರಿಂದ ಗಂಡಸರಿಗೂ ಬಿಡುವು ದೊರೆಯಿತು. ಕೈಯಲ್ಲಿ ಅರ್ಧ ದಿನ, ಜೇಬಿನಲ್ಲಿ ವಾರದ ಕೂಲಿ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಪಂದ್ಯ ಆರಂಭಿಸುವ ಸಂಪ್ರದಾಯದ ಮೂಲ ಇದು.

ಆದರೆ ರೋವರ್ಸ್ ಹುಟ್ಟಿದ್ದು ಕೂಲಿಯವರಿಂದಲ್ಲ. 1875ರ ನವೆಂಬರ್ 5ರಂದು ಜಾನ್ ಲೂಯಿಸ್ ಮತ್ತು ಆರ್ಥರ್ ಕಾನ್‌ಸ್ಟಂಟೈನ್ ಎಂಬಿಬ್ಬರು ಯುವಕರು ಊರಿನ ಒಂದು ಹೋಟೆಲಿನಲ್ಲಿ ಸಭೆ ಕರೆದರು. ಸೇರಿದವರು ಹೆಚ್ಚಾಗಿ ಒಳ್ಳೆಯ ಶಾಲೆಗಳಲ್ಲಿ ಆಟ ಕಲಿತ ಅನುಕೂಲಸ್ಥರ ಮಕ್ಕಳು. ಅವರು ಆಡಿದ ಮೊದಲ ಮೈದಾನಗಳಲ್ಲೊಂದು ದನ ಮೇಯುವ ಹೊಲ. ಅದರ ನಡುವೆ ನೀರಿನ ಹೊಂಡವಿದ್ದು, ಪಂದ್ಯದ ದಿನ ಅದರ ಮೇಲೆ ಹಲಗೆ ಹಾಸಿ ಹುಲ್ಲುಹೆಂಟೆ ಮುಚ್ಚುತ್ತಿದ್ದರಂತೆ. ಈ ಜಾನ್ ಲೂಯಿಸ್ ಮುಂದೆ ಹೆಸರಾಂತ ತೀರ್ಪುಗಾರರಾದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಅಂತಿಮ ಪಂದ್ಯಕ್ಕೆ ಸೀಟಿ ಊದಿದವರು ಅವರೇ. ಅವರ ತೀರ್ಪಿಗೆ ಮುನಿದ ಚೆಕೊಸ್ಲೊವಾಕಿಯಾದ ಆಟಗಾರರು ಅರ್ಧದಲ್ಲೇ ಮೈದಾನ ಬಿಟ್ಟು ನಡೆದದ್ದು ಬೇರೆ ಕಥೆ.

ಆ ಕಾಲದಲ್ಲಿ ಎಫ್.ಎ. ಕಪ್ ಎಂಬ ಪ್ರಶಸ್ತಿ ಲಂಡನ್ನಿನ ಸುತ್ತಣ ಶ್ರೀಮಂತರ ಮನೆಯ ಸ್ವತ್ತಿನಂತಿತ್ತು. ಈಟನ್ನಿನಂಥ ಶಾಲೆಗಳ ಹಳೆಯ ವಿದ್ಯಾರ್ಥಿಗಳು, ಸೇನಾಧಿಕಾರಿಗಳು ಅದನ್ನು ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. 1882ರಲ್ಲಿ ರೋವರ್ಸ್ ತಂಡ ಅಂತಿಮ ಪಂದ್ಯ ತಲುಪಿ, ಹಳೆಯ ಈಟನ್ನಿಗರ ಕೈಯಲ್ಲಿ 1–0ಯಿಂದ ಸೋತಿತು. ಮರುವರ್ಷ ಅದೇ ಈಟನ್ನಿಗರನ್ನು ಅದೇ ಊರಿನ ಇನ್ನೊಂದು ತಂಡವಾದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ 2–1ರಿಂದ ಸೋಲಿಸಿತು. ಒಲಿಂಪಿಕ್ ತಂಡದಲ್ಲಿದ್ದವರು ಯಾರು? ನೇಯುವವರು, ನೂಲುವವರು, ಕಬ್ಬಿಣದ ಎರಕದವ, ಕೊಳಾಯಿ ಕೆಲಸದವ, ದಂತವೈದ್ಯನ ಸಹಾಯಕ. ಗೆಲುವಿನ ಗೋಲು ಹೊಡೆದ ಜಿಮ್ಮಿ ಕಾಸ್ಟ್ಲಿ ನೂಲಿನ ಗಿರಣಿಯವನು. ಕಪ್ಪು ಮೊದಲ ಬಾರಿಗೆ ದುಡಿಯುವವರ ಕೈ ಸೇರಿದ್ದು ಅಂದು.

ಇಲ್ಲೊಂದು ತಿದ್ದುಪಡಿ. 2020ರಲ್ಲಿ ಬಂದ ‘ದಿ ಇಂಗ್ಲಿಷ್ ಗೇಮ್’ ಎಂಬ ಧಾರಾವಾಹಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿ ಊರಿನ ಎರಡು ತಂಡಗಳನ್ನೂ ಕಲಸಿ ಒಂದು ಮಾಡಿ, ಸ್ಕಾಟ್ಲೆಂಡಿನ ಕಲ್ಲುಕುಟಿಗ ಫರ್ಗಸ್ ಸೂಟರ್ 1883ರ ಕಪ್ಪನ್ನು ಗೆದ್ದಂತೆ ತೋರಿಸಿದ್ದಾರೆ. ಸೂಟರ್ ರೋವರ್ಸ್‌ನವನು, ಅವನು ಕಪ್ ಎತ್ತಿದ್ದು 1884ರಲ್ಲಿ. ಒಲಿಂಪಿಕ್ ಎಂಬ ತಂಡವೋ ಹಣವಿಲ್ಲದೆ 1889ರಲ್ಲಿ ಬಾಗಿಲು ಮುಚ್ಚಿತು. ಇತಿಹಾಸದಲ್ಲಿ ಬಾಗಿಲು ಮುಚ್ಚಿದವರ ಗೆಲುವನ್ನು ಉಳಿದುಕೊಂಡವರ ಖಾತೆಗೆ ಬರೆದುಬಿಡುವುದು ಸುಲಭ. ಅದಕ್ಕೇ ಇಷ್ಟು ಹೇಳಿದೆ.

1884, 1885, 1886 — ಸತತ ಮೂರು ವರ್ಷ ರೋವರ್ಸ್ ಕಪ್ ಗೆದ್ದಿತು. ಆ ಸಾಧನೆಗೆ ಬೆಳ್ಳಿಯ ವಿಶೇಷ ಗುರಾಣಿಯನ್ನೇ ಕೊಟ್ಟರು. ಲಂಡನ್ನಿಗೆ ಬಂದಿಳಿದ ಗಿರಣಿ ಊರಿನ ಜನರ ಉಡುಪನ್ನೂ ಮಾತನ್ನೂ ರಾಜಧಾನಿಯ ಪತ್ರಿಕೆಯೊಂದು ಹೀಯಾಳಿಸಿ ಬರೆಯಿತು. ಆಟಕ್ಕೆ ಹಣ ಪಡೆಯುವುದು ಅವಮಾನವೆಂದು ದಕ್ಷಿಣದ ಶ್ರೀಮಂತರು ಹಟ ಹಿಡಿದರು. ವಾರವಿಡೀ ದುಡಿಯಬೇಕಾದವನು ಹಣವಿಲ್ಲದೆ ಆಡುವುದೆಂತು ಎಂದು ಉತ್ತರದವರು ವಾದಿಸಿದರು. 1885ರ ಜುಲೈನಲ್ಲಿ ಹಣ ಕೊಡುವುದು ನಿಯಮಬದ್ಧವಾಯಿತು. ಹಣ ಪಡೆಯುವ ಆಟಗಾರರ ಪೈಕಿ ಇಂಗ್ಲೆಂಡಿನ ಪರವಾಗಿ ಮೊದಲು ಆಡಿದವನು ರೋವರ್ಸ್‌ನ ಜೇಮ್ಸ್ ಫಾರೆಸ್ಟ್. ಉಳಿದವರಿಗೆ ಬಿಳಿಯ ಅಂಗಿ, ಅವನಿಗೊಬ್ಬನಿಗೆ ನೀಲಿಯ ಅಂಗಿ. ಕೂಲಿಯವನೆಂಬುದು ದೂರದಿಂದಲೇ ತಿಳಿಯಬೇಕಲ್ಲವೆ! ಪಂಕ್ತಿಭೇದವೆಂಬುದು ನಮ್ಮೊಬ್ಬರದೇ ರೋಗವಲ್ಲ.

1888ರಲ್ಲಿ 12 ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗ್ ಕಟ್ಟಿದಾಗ ಅವುಗಳಲ್ಲಿ ರೋವರ್ಸ್ ಒಂದಾಗಿತ್ತು. 1890ರಲ್ಲಿ ಊರಿನ ದಕ್ಷಿಣಕ್ಕೆ ಡಾರ್ವೆನ್ ಕಡೆಗೆ ಹೋಗುವ ದಾರಿಯ ಈವುಡ್ ಪಾರ್ಕ್ ಅದರ ಮನೆಯಾಯಿತು. ಆ ವರ್ಷವೂ ಮರುವರ್ಷವೂ ಮತ್ತೆ ಕಪ್ ಬಂದಿತು. ಅಲ್ಲಿಂದ ಮುಂದಿನ ವೈಭವ 1912 ಮತ್ತು 1914ರದು. ಆ ಎರಡು ವರ್ಷ ಲೀಗ್‌ನ ಪ್ರಥಮ ಸ್ಥಾನ ರೋವರ್ಸ್‌ಗೆ ದಕ್ಕಿತು. ಅಧ್ಯಕ್ಷರಾಗಿದ್ದವರು ಲಾರೆನ್ಸ್ ಕಾಟನ್ ಎಂಬ ಗಿರಣಿ ಮಾಲೀಕರು. ಹತ್ತಿಯ ಊರು, ಹತ್ತಿಯ ದುಡ್ಡು, ಹೆಸರೂ ಹತ್ತಿ! 1913ರಲ್ಲಿ ಡ್ಯಾನಿ ಶೇ ಎಂಬ ಆಟಗಾರನಿಗೆ ಅವರು ತೆತ್ತ 2,000 ಪೌಂಡ್ ಅಂದಿನ ದಾಖಲೆ. ತಂಡದ ನಾಯಕ ಬಾಬ್ ಕ್ರಾಂಪ್ಟನ್ ಮಾತ್ರ ಅದೇ ಊರಿನ ಮಗ. 1896ರಿಂದ 1920ರ ತನಕ ಬೇರೆ ಕ್ಲಬ್ಬಿನ ಕಡೆ ತಿರುಗಿ ನೋಡಲಿಲ್ಲ. ಲೀಗ್ ಗೆದ್ದ ಆ ವರ್ಷಗಳು ಲ್ಯಾಂಕಶೈರಿನ ಬಟ್ಟೆ ಅತ್ಯಂತ ಹೆಚ್ಚು ಮಾರಾಟವಾದ ವರ್ಷಗಳೂ ಹೌದು. ನಮ್ಮ ಅಜ್ಜಂದಿರ ಪಂಚೆಯ ಕಾಸಿನಲ್ಲಿ ಒಂದು ಚೂರಾದರೂ ಆ ಎರಡು ಗೆಲುವುಗಳಿಗೆ ಸಂದಿರಬೇಕೆಂದು ನಾನು ಹೇಳಿದರೆ ಅತಿಶಯೋಕ್ತಿಯಾಗದು.

ಮೊದಲನೆಯ ಮಹಾಯುದ್ಧ ಎಲ್ಲವನ್ನೂ ತಲೆಕೆಳಗು ಮಾಡಿತು. ಹಡಗುಗಳು ನಿಂತ ಕಾಲದಲ್ಲಿ ಮುಂಬಯಿ, ಅಹಮದಾಬಾದಿನ ಗಿರಣಿಗಳು ಬೆಳೆದವು. ಜಪಾನಿನ ಅಗ್ಗದ ಬಟ್ಟೆ ಬಂದಿತು. ಆಮದು ಸುಂಕ ಏರಿತು. ಇವೆಲ್ಲದರ ಮೇಲೆ ಖಾದಿಯ ಚಳವಳಿ. ವಿದೇಶಿ ಬಟ್ಟೆಯ ಹೋಳಿಯಿಂದಲೇ ಲ್ಯಾಂಕಶೈರ್ ಬಿದ್ದಿತೆಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಲೆಕ್ಕ ಹಾಕಿದರೆ ಅದು ಹಲವು ಕಾರಣಗಳಲ್ಲಿ ಒಂದು, ಅಷ್ಟೆ. 1928ರಲ್ಲಿ ವೆಂಬ್ಲಿಯಲ್ಲಿ ಹಡ್ಡರ್ಸ್‌ಫೀಲ್ಡ್ ತಂಡವನ್ನು 3–1ರಿಂದ ಸೋಲಿಸಿ ರೋವರ್ಸ್ ಆರನೆಯ ಕಪ್ ಗೆದ್ದಾಗ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು.

ಎರಡನೆಯ ಗಂಟು ಇಲ್ಲಿದೆ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ, ತಮ್ಮ ಚಳವಳಿಯಿಂದ ಕೆಲಸ ಕಳೆದುಕೊಂಡೆವೆಂದು ಕೊರಗುತ್ತಿದ್ದ ಜನರನ್ನು ಕಾಣಲು ಡಾರ್ವೆನ್‌ಗೆ ಬಂದರು. ಈವುಡ್ ಪಾರ್ಕಿನಿಂದ ಅದು ಕೆಲವೇ ಮೈಲಿ. ಕಲ್ಲು ಬೀಳಬಹುದೆಂಬ ಅಂಜಿಕೆ ಕೆಲವರಿಗಿತ್ತು. ಆದದ್ದು ಬೇರೆ. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕಿದರು. ಕೈ ಎತ್ತಿ ನಗುತ್ತಿರುವ ಆ ಹೆಂಗಸರ ನಡುವೆ ಗಾಂಧೀಜಿ ನಿಂತಿರುವ ಚಿತ್ರವನ್ನು ನೀವೆಲ್ಲರೂ ಎಲ್ಲಾದರೂ ನೋಡಿರುತ್ತೀರಿ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ನಿಮ್ಮಲ್ಲಿ ಕೆಲಸವಿಲ್ಲದವರು 30 ಲಕ್ಷ, ನಮ್ಮಲ್ಲಿ ವರ್ಷದ ಅರ್ಧ ಕೆಲಸವಿಲ್ಲದವರು 30 ಕೋಟಿ ಎಂಬರ್ಥದ ಮಾತನ್ನು ಅವರ ಮುಖಕ್ಕೇ ಹೇಳಿದರು. ಹಸಿದವರಿಗೆ ಇನ್ನೊಬ್ಬರ ಹಸಿವು ಬೇಗ ಅರ್ಥವಾಗುತ್ತದೆಯೋ ಏನೋ, ಯಾರೂ ಮುನಿಯಲಿಲ್ಲ.

1936ರಲ್ಲಿ ರೋವರ್ಸ್ ಮೊದಲ ಬಾರಿಗೆ ಕೆಳದರ್ಜೆಗೆ ಇಳಿಯಿತು. ನಮ್ಮ ಶಾಲೆಗಳಲ್ಲಿ ನಪಾಸಾದವನನ್ನು ಅದೇ ತರಗತಿಯಲ್ಲಿ ಕೂರಿಸುತ್ತಾರೆ. ಇಂಗ್ಲೆಂಡಿನ ಲೀಗ್‌ನಲ್ಲಿ ಕೊನೆಯ ಸ್ಥಾನದವರನ್ನು ಕೆಳಗಿನ ತರಗತಿಗೇ ತಳ್ಳುತ್ತಾರೆ. ಮುಂದಿನ ಐವತ್ತು ವರ್ಷ ಅದು ಏರುತ್ತ ಇಳಿಯುತ್ತ ಕಳೆಯಿತು. 1960ರಲ್ಲಿ ಕಪ್ಪಿನ ಅಂತಿಮ ಪಂದ್ಯ ತಲುಪಿ 3–0ಯಿಂದ ಸೋತದ್ದು, 1971ರಲ್ಲಿ ಮೂರನೆಯ ದರ್ಜೆಗೆ ಬಿದ್ದದ್ದು — ಇವಿಷ್ಟು ಸಾಕು. ಕಾರಣವನ್ನು ಮಾತ್ರ ಗಮನಿಸಬೇಕು. 1961ರ ತನಕ ಆಟಗಾರನಿಗೆ ಕೊಡಬಹುದಾದ ವಾರದ ಸಂಬಳಕ್ಕೆ ಮಿತಿಯಿತ್ತು; ಕೊನೆಯ ದಿನಗಳಲ್ಲಿ ಅದು 20 ಪೌಂಡ್. ಲಂಡನ್ನಿನ ಕ್ಲಬ್ಬಾದರೂ ಅಷ್ಟೇ, ಬ್ಲ್ಯಾಕ್‌ಬರ್ನ್ ಆದರೂ ಅಷ್ಟೇ. ಆಟಗಾರರ ಪಾಲಿಗೆ ಆ ಮಿತಿ ಅನ್ಯಾಯವೇ ಸರಿ; ಅದನ್ನು ತೆಗೆದುಹಾಕಿದ್ದು ನ್ಯಾಯವೇ. ಆದರೆ ಅದು ಹೋದೊಡನೆ ಬ್ಲ್ಯಾಕ್‌ಬರ್ನ್, ಪ್ರೆಸ್ಟನ್, ಬೋಲ್ಟನ್‌ನಂಥ ಸಣ್ಣ ಗಿರಣಿ ಊರುಗಳು ದೊಡ್ಡ ನಗರಗಳೊಂದಿಗೆ ಸೆಣಸಲಾರದೆ ಹೋದವು. ಒಬ್ಬರಿಗೆ ಸಂದ ನ್ಯಾಯದ ಬೆಲೆಯನ್ನು ಇನ್ನೊಬ್ಬರು ತೆರುವ ಇಂಥ ಸಂದರ್ಭಗಳನ್ನು ಪರೀಕ್ಷೆಯ ಉತ್ತರದಲ್ಲಿ ನಾಲ್ಕು ಸಾಲಿಗೆ ಮುಗಿಸಲಾಗುವುದಿಲ್ಲ.

ಇನ್ನು ಜಾಕ್ ವಾಕರ್. 1929ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ತಂದೆಯ ಸಣ್ಣ ತಗಡಿನ ಕೆಲಸವನ್ನು ಸೋದರನೊಡನೆ ಬೃಹತ್ ಉಕ್ಕಿನ ವ್ಯಾಪಾರವಾಗಿ ಬೆಳೆಸಿ, 1989ರಲ್ಲಿ 30 ಕೋಟಿ ಪೌಂಡ್‌ಗೂ ಮಿಕ್ಕಿದ ಬೆಲೆಗೆ ಬ್ರಿಟಿಷ್ ಸ್ಟೀಲ್ ಸಂಸ್ಥೆಗೆ ಮಾರಿದವರು. ಹುಡುಗನಾಗಿದ್ದಾಗಿನಿಂದ ರೋವರ್ಸ್‌ನ ಭಕ್ತರು. 1991ರಲ್ಲಿ ಕ್ಲಬ್ಬನ್ನು ವಹಿಸಿಕೊಂಡರು. ಆಗ ಅದು ಎರಡನೆಯ ದರ್ಜೆಯ ಕೆಳಭಾಗದಲ್ಲಿ ತೊಳಲುತ್ತಿತ್ತು. ಲಿವರ್‌ಪೂಲಿನಲ್ಲಿ ಎಲ್ಲವನ್ನೂ ಗೆದ್ದು ಮನೆಯಲ್ಲಿ ಕುಳಿತಿದ್ದ ಕೆನ್ನಿ ಡಾಲ್‌ಗ್ಲಿಶ್ ಅವರನ್ನು ಮ್ಯಾನೇಜರಾಗಿ ಕರೆತಂದರು. 1992ರಲ್ಲಿ ಹೊಸದಾಗಿ ಹುಟ್ಟಿದ ಪ್ರೀಮಿಯರ್ ಲೀಗಿಗೆ ತಂಡ ಏರಿತು. ಅಲನ್ ಶಿಯರರ್ ಎಂಬ ತರುಣನನ್ನು ಬ್ರಿಟನ್ನಿನಲ್ಲೇ ದಾಖಲೆಯೆನಿಸಿದ ಬೆಲೆ ಕೊಟ್ಟು ತಂದರು. ಹಳೆಯ ಈವುಡ್ ಪಾರ್ಕನ್ನು ಮೂರು ಕಡೆ ಕೆಡವಿ ಹೊಸದಾಗಿ ಕಟ್ಟಿಸಿದರು.

1995ರ ಮೇ 14, ಲೀಗಿನ ಕೊನೆಯ ದಿನ. ರೋವರ್ಸ್ ಎರಡು ಅಂಕ ಮುಂದೆ, ಮ್ಯಾಂಚೆಸ್ಟರ್ ಯುನೈಟೆಡ್ ಹಿಂದೆ. ರೋವರ್ಸ್‌ನ ಪಂದ್ಯ ಬೇರೆಲ್ಲೂ ಅಲ್ಲ, ಡಾಲ್‌ಗ್ಲಿಶ್ ಅವರನ್ನು ದೇವರಂತೆ ಕಾಣುವ ಲಿವರ್‌ಪೂಲಿನಲ್ಲಿ. ಅಲ್ಲಿನ ಜನಕ್ಕೆ ಧರ್ಮಸಂಕಟ: ತಮ್ಮ ತಂಡ ಗೆದ್ದರೆ ಪರಮ ವೈರಿಯಾದ ಮ್ಯಾಂಚೆಸ್ಟರಿಗೆ ಲಾಭ. ಶಿಯರರ್ ಮೊದಲ ಗೋಲು ಹೊಡೆದ. ಲಿವರ್‌ಪೂಲ್ ಸಮ ಮಾಡಿತು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಹೊಡೆದು ಗೆದ್ದೂಬಿಟ್ಟಿತು. ಮ್ಯಾಂಚೆಸ್ಟರ್ ತನ್ನ ಪಂದ್ಯ ಗೆದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಎದುರು ಅವರು 1–1ಕ್ಕೆ ನಿಂತರೆಂಬ ಸುದ್ದಿ ಬಂದಾಗ, ಪಂದ್ಯ ಸೋತ ತಂಡ ಪ್ರಶಸ್ತಿ ಎತ್ತಿ ಕುಣಿಯಿತು. 89 ಅಂಕಕ್ಕೆ 88. ಊರಿಗೆ ಲೀಗ್ ಮರಳಿದ್ದು 81 ವರ್ಷಗಳ ನಂತರ. ಲಕ್ಷದ ಆಸುಪಾಸಿನ ಜನಸಂಖ್ಯೆಯ ಊರದು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅದಕ್ಕಿಂತ ದೊಡ್ಡವಿವೆ.

ಮುಂದಿನ ವರ್ಷ ಶಿಯರರ್ 1.5 ಕೋಟಿ ಪೌಂಡ್‌ಗೆ ನ್ಯೂಕ್ಯಾಸಲ್ ಸೇರಿದ. ಆ ದಿನಕ್ಕೆ ಅದು ಜಗತ್ತಿನ ದಾಖಲೆ. 1999ರಲ್ಲಿ ತಂಡ ಮತ್ತೆ ಇಳಿಯಿತು. ಅದು ಮರಳಿ ಏರುವುದನ್ನು ನೋಡಲು ವಾಕರ್ ಉಳಿಯಲಿಲ್ಲ. 2000ದ ಆಗಸ್ಟಿನಲ್ಲಿ ತೀರಿಕೊಂಡರು. 2001ರಲ್ಲಿ ತಂಡ ಏರಿತು, 2002ರಲ್ಲಿ ಲೀಗ್ ಕಪ್ ಗೆದ್ದಿತು.

ಬ್ಲ್ಯಾಕ್‌ಬರ್ನಿನವರಿಗೆ ಹಿಡಿಸಲಾರದ ಒಂದು ಮಾತನ್ನು ಇಲ್ಲಿ ಹೇಳಬೇಕು. ಮೈದಾನದ ಹೊರಗೆ ವಾಕರ್ ಅವರ ಪ್ರತಿಮೆಯಿದೆ. ಅವರ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದರೆ ಪ್ರೇಕ್ಷಕರ ಟಿಕೆಟ್ಟಿನ ಹಣಕ್ಕೂ ಕ್ಲಬ್ಬಿನ ಖರ್ಚಿಗೂ ಇದ್ದ ಸಂಬಂಧ ಕಡಿದುಹೋದದ್ದು ಅವರ ಕಾಲದಲ್ಲೇ. ಒಬ್ಬ ಧಣಿಯ ಕೈಯಿಂದ ನಡೆಯುವ ಸಂಸ್ಥೆಗೆ ಆ ಧಣಿ ಹೋದಮೇಲೆ ಇನ್ನೊಬ್ಬ ಧಣಿ ಬೇಕೇ ಬೇಕು. ಅವರ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಟ್ರಸ್ಟು ಹತ್ತು ವರ್ಷ ಕ್ಲಬ್ಬನ್ನು ಇಟ್ಟುಕೊಂಡು, ಆಮೇಲೆ ಕೊಳ್ಳುವವರನ್ನು ಹುಡುಕಿತು.

ಸಿಕ್ಕವರು ನಮ್ಮವರು. ಇದು ಮೂರನೆಯ ಗಂಟು. 2010ರ ನವೆಂಬರಿನಲ್ಲಿ ಪುಣೆಯ ವೆಂಕೀಸ್ ಸಂಸ್ಥೆ 2.3 ಕೋಟಿ ಪೌಂಡ್ ಕೊಟ್ಟು, ಸಾಲವನ್ನೂ ಹೊತ್ತು ರೋವರ್ಸ್ ಕೊಂಡಿತು. ಬಿ.ವಿ. ರಾವ್ ಅವರು 1971ರಲ್ಲಿ ಆರಂಭಿಸಿದ ಕೋಳಿ ಸಾಕಣೆಯ ಉದ್ಯಮ ಅದು. ಮೊಟ್ಟೆ, ಕೋಳಿ ನಮ್ಮ ಸಾಮಾನ್ಯರ ಊಟದೆಲೆಗೆ ಬಂದುದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಪಂಚೆ ಮಾರಿದ ಊರಿನ ಹೆಮ್ಮೆಯನ್ನು ಪಂಚೆ ಉಟ್ಟವರ ಮೊಮ್ಮಕ್ಕಳು ಕೊಂಡರೆಂದು ಇಲ್ಲಿ ಕೆಲವರು ಬೀಗಿದರು. ಬೀಗುವಂಥದೇನೂ ಬಳಿಕ ನಡೆಯಲಿಲ್ಲ. ತಂಡ 13ನೆಯ ಸ್ಥಾನದಲ್ಲಿದ್ದಾಗಲೇ, ಕೊಂಡ ತಿಂಗಳೊಳಗೆ, ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದುಹಾಕಿದರು. ಆಟಗಾರರನ್ನು ಕೂರಿಸಿ ಕೋಳಿ ತಿನ್ನಿಸುವ ಜಾಹೀರಾತು ಬಂದಿತು. 2012ರ ಮೇ 7ರಂದು ವಿಗನ್ ವಿರುದ್ಧ 1–0ಯಿಂದ ಸೋತು ತಂಡ ಕೆಳಗಿಳಿದ ದಿನ, ಯಾರೋ ರೋವರ್ಸ್‌ನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಮರುವರ್ಷ ಒಂದೇ ಋತುವಿನಲ್ಲಿ ಮೂವರು ಮ್ಯಾನೇಜರರು ಹೊರನಡೆದರು. ಅವರಲ್ಲೊಬ್ಬರು ಇದ್ದದ್ದು 57 ದಿನ. 2017ರಲ್ಲಿ ತಂಡ ಮೂರನೆಯ ದರ್ಜೆಗೆ ಬಿದ್ದಿತು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬೊಂದು ಅಷ್ಟು ಕೆಳಗೆ ಇಳಿದದ್ದು ಅದೇ ಮೊದಲು. ಮರುವರ್ಷವೇ ಟೋನಿ ಮೌಬ್ರೆ ಅವರ ಕೈಕೆಳಗೆ ಎರಡನೆಯ ದರ್ಜೆಗೆ ಮರಳಿತು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮಾಲೀಕರು ಹಣ ದೋಚಿಕೊಂಡು ಹೋಗಲಿಲ್ಲ; ವರ್ಷವರ್ಷದ ನಷ್ಟವನ್ನು ಪುಣೆಯಿಂದಲೇ ತುಂಬುತ್ತ ಬಂದರು. ಅವರು ಕೈಬಿಟ್ಟಿದ್ದರೆ ಕ್ಲಬ್ಬು ಅಂದೇ ದಿವಾಳಿ. ಅವರ ಮೇಲಿನ ಆಕ್ಷೇಪ ಹಣದ್ದಲ್ಲ, ಗೈರುಹಾಜರಿಯದು. ಊರಿನವರ ಮಾತು ಕೇಳದೆ, ಐದು ಸಾವಿರ ಮೈಲಿ ದೂರದಲ್ಲಿ ಕುಳಿತು, ಎದುರು ಬದುರು ಉತ್ತರ ಕೊಡದೆ ಆಳುವುದು ಅವರ ಮೇಲಿನ ದೂರು. ಲಂಡನ್ನಿನಲ್ಲಿ ಕುಳಿತು ನಮ್ಮನ್ನು ಆಳಿದವರ ಬಗ್ಗೆ ನಾವು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಇಲ್ಲಿ ನಮ್ಮವರೆಂಬ ಕಾರಣಕ್ಕೆ ಅಳತೆಗೋಲು ಬದಲಾಗಬಾರದು.

ಊರೂ ಬದಲಾಗಿದೆ. 1950, 60ರ ದಶಕಗಳಲ್ಲಿ ಉಳಿದಿದ್ದ ಗಿರಣಿಗಳ ರಾತ್ರಿಪಾಳಿಗೆ ಆಳು ಸಾಲದೆ ಗುಜರಾತಿನ ಭರೂಚ್, ಸೂರತ್ ಕಡೆಯಿಂದಲೂ ಪಾಕಿಸ್ತಾನದಿಂದಲೂ ಜನ ಬಂದು ನೆಲೆಸಿದರು. 2021ರ ಜನಗಣತಿಯಂತೆ ಬ್ಲ್ಯಾಕ್‌ಬರ್ನ್–ಡಾರ್ವೆನ್ ಆಡಳಿತ ಪ್ರದೇಶದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಏಷ್ಯಾ ಮೂಲದವರು. 2022ರ ಮೇ 2ರಂದು ಈದ್ ಹಬ್ಬದ ಪ್ರಾರ್ಥನೆಗೆ ಈವುಡ್ ಪಾರ್ಕಿನ ಹುಲ್ಲುಹಾಸನ್ನೇ ತೆರೆದುಕೊಟ್ಟರು. ಬ್ರಿಟನ್ನಿನ ಯಾವ ಕ್ಲಬ್ಬೂ ಅದುವರೆಗೆ ತನ್ನ ಮೈದಾನದಲ್ಲಿ ಹಾಗೆ ಮಾಡಿರಲಿಲ್ಲ. ಅದೇ ಊರಿನಲ್ಲಿ ಹುಟ್ಟಿ, ಕ್ಲಬ್ಬಿನ ತರಬೇತಿ ಶಾಲೆಯಲ್ಲಿ ಬೆಳೆದ ಆಡಮ್ ವಾರ್ಟನ್ 2024ರಲ್ಲಿ ಇಂಗ್ಲೆಂಡಿನ ಪರವಾಗಿ ಆಡಿದ. ಅಷ್ಟು ಹೊತ್ತಿಗೆ ಕ್ಲಬ್ಬು ಹಣದ ಅಗತ್ಯಕ್ಕೆ ಅವನನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಿಯಾಗಿತ್ತು.

ಮ್ಯಾಂಚೆಸ್ಟರಿನ ಕಡೆ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಒಂದು ಶನಿವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ. ವಿಕ್ಟೋರಿಯಾ ನಿಲ್ದಾಣದಿಂದ ಬೋಲ್ಟನ್ ದಾಟಿ ಹೋಗುವ ರೈಲು ಮೊದಲು ಡಾರ್ವೆನ್ ಮುಟ್ಟಿ, ಆಮೇಲೆ ಬ್ಲ್ಯಾಕ್‌ಬರ್ನ್ ಸೇರುತ್ತದೆ. ಡಾರ್ವೆನ್‌ನಲ್ಲಿ ಸುಮಾರು 300 ಅಡಿ ಎತ್ತರದ, ಇಟಲಿಯ ಗಂಟೆಗೋಪುರದಂತೆ ಕೆತ್ತನೆಗೊಂಡ ಹಳೆಯ ಹೊಗೆಕೊಳವೆಯೊಂದು ಕಾಣುತ್ತದೆ. ಅದು 1860ರ ದಶಕದಲ್ಲಿ ಕಟ್ಟಿದ ಹತ್ತಿ ಗಿರಣಿಯದು. ಆ ಗಿರಣಿಯ ಹೆಸರು ಇಂಡಿಯಾ ಮಿಲ್.